ಹತ್ತಿಯೂ ಮದ್ದೂ ಒಂದೇ ಹಡಗಿನಲ್ಲಿ

ಏಪ್ರಿಲ್ 14 ಎಂದರೆ ನನಗೆ ಬಹುಕಾಲ ಅಂಬೇಡ್ಕರ್ ಜಯಂತಿ ಮಾತ್ರವಾಗಿತ್ತು. ಒಂದು ವರ್ಷ ಅದೇ ದಿನ ನಮ್ಮೂರಿನ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಸಿಬ್ಬಂದಿ ಸಾಲಾಗಿ ನಿಂತು ಗೌರವ ಸಲ್ಲಿಸುತ್ತಿದ್ದರು. ಯಾರಿಗೆ ಎಂದು ಕೇಳಿದೆ. "ಬಾಂಬೆ ಡಾಕ್‌ನಲ್ಲಿ ತೀರಿಕೊಂಡ ನಮ್ಮವರಿಗೆ ಸಾರ್" ಎಂದರು. ಆ ಮಾತಿನ ಬೆನ್ನು ಹಿಡಿದು ಓದುತ್ತಾ ಹೋದಾಗ ಎದುರಾದದ್ದು ಎಸ್.ಎಸ್. ಫೋರ್ಟ್ ಸ್ಟಿಕೀನ್ ಎಂಬ ಹಡಗು.

ಅದು ಯುದ್ಧನೌಕೆಯಲ್ಲ, ಸರಕು ಹಡಗು. ಯುದ್ಧ ಶುರುವಾದಾಗ ಮದ್ದುಗುಂಡು ಸಾಗಿಸಲು ಬೇಕಾದಷ್ಟು ಸ್ವಂತ ಹಡಗುಗಳು ಯಾವ ಸರ್ಕಾರದ ಬಳಿಯೂ ಇರುವುದಿಲ್ಲ. ಆಗ ವ್ಯಾಪಾರಿ ಹಡಗುಗಳನ್ನು ಬಾಡಿಗೆಗೋ ಕಡ್ಡಾಯವಾಗಿಯೋ ಪಡೆಯಲಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ್ದೂ ಅದನ್ನೇ. 1942ರಲ್ಲಿ ಕೆನಡಾದಲ್ಲಿ ಕಟ್ಟಿದ ಸುಮಾರು 7,000 ಟನ್ನಿನ ಈ ಹಡಗು ಲೆಂಡ್-ಲೀಸ್ ಏರ್ಪಾಟಿನಲ್ಲಿ ಬ್ರಿಟನ್ನಿನ ಕೈಗೆ ಬಂತು. ನಡೆಸುವ ಹೊಣೆ ಪೋರ್ಟ್ ಲೈನ್ ಎಂಬ ವ್ಯಾಪಾರಿ ಕಂಪನಿಯದು. ಸರಕು ಸೈನ್ಯದ್ದು, ನಾವಿಕರು ವ್ಯಾಪಾರಿ ಹಡಗಿನವರು.

1944ರ ಫೆಬ್ರುವರಿ 24ರಂದು ಬರ್ಕನ್‌ಹೆಡ್‌ನಿಂದ ಹೊರಟಾಗ ಅದರಲ್ಲಿ ಸುಮಾರು 1,400 ಟನ್ ಸ್ಫೋಟಕ, ಬಿಡಿಬಿಡಿಯಾಗಿ ತುಂಬಿದ್ದ ವಿಮಾನಗಳು, ಜೊತೆಗೆ ಚಿನ್ನದ ಗಟ್ಟಿಗಳೂ ಇದ್ದವು. ಕರಾಚಿಯಲ್ಲಿ ಸ್ವಲ್ಪ ಸರಕು ಇಳಿಯಿತು. ಉಗ್ರಾಣದಲ್ಲಿ ಜಾಗ ಖಾಲಿಯಾಯಿತು. ಖಾಲಿ ಜಾಗವೆಂದರೆ ವ್ಯಾಪಾರದಲ್ಲಿ ನಷ್ಟ. ಹಡಗುಗಳ ಬರವಿದ್ದ ಯುದ್ಧಕಾಲದಲ್ಲಂತೂ ಅದು ಅಪರಾಧವೇ ಸರಿ. ಹಾಗಾಗಿ 8,700 ಹತ್ತಿ ಬೇಲುಗಳು, ಎಣ್ಣೆ ಪೀಪಾಯಿಗಳು, ಮರ, ಗಂಧಕ ಒಳಗೆ ಬಂದವು. ಎರಡನೇ ಉಗ್ರಾಣದಲ್ಲಿ ಕೆಳಗೆ ಹತ್ತಿ, ಮೇಲೆ ಮದ್ದು!

ಏಪ್ರಿಲ್ 12ಕ್ಕೆ ಹಡಗು ಮುಂಬಯಿಯ ವಿಕ್ಟೋರಿಯಾ ಡಾಕ್ ಸೇರಿತು. ಎರಡು ದಿನ ಕಳೆದರೂ ಸ್ಫೋಟಕಗಳಲ್ಲಿ ಬಹುಪಾಲು ಒಳಗೇ ಇತ್ತು. 14ರ ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ಬಿಗಿಯಾಗಿ ಒತ್ತಿ ಕಟ್ಟಿದ ಬೇಲಿನೊಳಗೆ ಕಿಡಿ ಹೊಕ್ಕರೆ ಹೊರಗಿನ ನೀರು ಅದನ್ನು ಮುಟ್ಟುವುದು ಕಷ್ಟ. ಸುಮಾರು 900 ಟನ್ ನೀರು ಸುರಿದರೂ ಬೆಂಕಿ ಆರಲಿಲ್ಲ. ಹಡಗನ್ನು ಹೊರಸಮುದ್ರಕ್ಕೆ ಎಳೆಯಬೇಕೋ, ನಿಂತಲ್ಲೇ ಮುಳುಗಿಸಬೇಕೋ ಎಂದು ಖಚಿತವಾಗಿ ಹೇಳುವವರು ಸಿಗಲಿಲ್ಲ. ಬಂದರಿನದು ಒಂದು ಅಧಿಕಾರ, ಸೈನ್ಯದ್ದು ಇನ್ನೊಂದು, ಕಪ್ತಾನನದು ಮತ್ತೊಂದು. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಅದರ ಕಂಪನ ದೂರದ ಶಿಮ್ಲಾದ ಭೂಕಂಪ ಮಾಪಕದಲ್ಲೂ ದಾಖಲಾಯಿತು. ಸತ್ತವರು 800ಕ್ಕೂ ಹೆಚ್ಚು. ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಯುದ್ಧಕಾಲದ ಸೆನ್ಸಾರ್‌ನಿಂದಾಗಿ ಪತ್ರಿಕೆಗಳಿಗೆ ಪೂರ್ತಿ ಸುದ್ದಿ ಬರೆಯಲು ವಾರಗಳೇ ಹಿಡಿದವು.

ಇದರಲ್ಲಿ ನನ್ನನ್ನು ಕಾಡುವುದು ಶತ್ರುವಿನ ಕೈವಾಡವಲ್ಲ. ಶತ್ರು ಅಲ್ಲಿರಲೇ ಇಲ್ಲ. ಜಾಗ ವ್ಯರ್ಥವಾಗಬಾರದೆಂಬುದು ವ್ಯಾಪಾರದ ವಿವೇಕ. ಮದ್ದುಗುಂಡು ಬೇಗ ತಲುಪಬೇಕೆಂಬುದು ಯುದ್ಧದ ಅವಸರ. ಬೇರೆಬೇರೆಯಾಗಿ ನೋಡಿದರೆ ಎರಡಕ್ಕೂ ಕಾರಣವಿತ್ತು. ಎರಡನ್ನೂ ಒಂದೇ ಉಗ್ರಾಣಕ್ಕೆ ಇಳಿಸುವಾಗ ಬೇಡವೆನ್ನಬಲ್ಲ ಅಧಿಕಾರ ಮಾತ್ರ ಯಾರ ಕೈಯಲ್ಲೂ ಇರಲಿಲ್ಲ. ಅದರ ಬೆಲೆ ತೆತ್ತವರು ಆ ಸರಕಿನ ಪಟ್ಟಿಯನ್ನು ಕಣ್ಣಿಂದಲೂ ಕಾಣದವರು: ಹಮಾಲರು, ಬಂದರಿನ ಸುತ್ತಲಿನ ನಿವಾಸಿಗಳು, ನೀರಿನ ಪೈಪು ಹಿಡಿದು ಹಡಗು ಹತ್ತಿದವರು.

ಈಗ ಪ್ರತಿ ಏಪ್ರಿಲ್ 14ರಂದು ಆ ಠಾಣೆಯ ಮುಂದೆ ಹಾಯುವಾಗ ನಾನೂ ಒಂದು ನಿಮಿಷ ನಿಲ್ಲುತ್ತೇನೆ.