ಕಬ್ಬಿಣ, ಕಾಗದ, ಸಕ್ಕರೆ: ಭದ್ರೆಯ ದಡದ ನಮ್ಮೂರ ಕಥೆ

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ನಾನು ಎಂಟನೇ ತರಗತಿಯಲ್ಲಿದ್ದಾಗ ಸಮಾಜ ಪಾಠ ಮಾಡುತ್ತಿದ್ದ ನಮ್ಮ ಮೇಷ್ಟ್ರು ಒಂದು ದಿನ ಪುಸ್ತಕ ಮುಚ್ಚಿಟ್ಟು, "ಭದ್ರಾವತಿಗೇ ಯಾಕ್ರೋ ಇಷ್ಟೊಂದು ಕಾರ್ಖಾನೆ ಬಂದವು?" ಎಂದು ಕೇಳಿದರು. ಒಬ್ಬ ಅದಿರು ಅಂದ, ಇನ್ನೊಬ್ಬ ಕಾಡು ಅಂದ. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೋಗುತ್ತಿದ್ದ ಸದ್ದು ಕೇಳಿ ನಾನು ಕಬ್ಬು ಅಂದೆ. ಮೇಷ್ಟ್ರು ನಕ್ಕು, "ಅವೆಲ್ಲ ಬೇರೆ ಕಡೆಯೂ ಇವೆ. ನಾಳೆ ಪೇಟೆಗೆ ಹೋದಾಗ ಹಳೇ ಸೇತುವೆ ಮೇಲೆ ನಿಂತು ಕೆಳಗೆ ನೋಡಿ" ಎಂದರು.

ಕೆಳಗಿದ್ದದ್ದು ಹೊಳೆ. ಆ ಉತ್ತರ ಅರ್ಥವಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅದನ್ನೇ ನಾಲ್ಕು ಮಾತಿನಲ್ಲಿ ಹೇಳಲು ಯತ್ನಿಸಿದ್ದೇನೆ. ನಾನು ಇತಿಹಾಸಕಾರನಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಕಾರ್ಖಾನೆಗಿಂತ ಮೊದಲು

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಮಹರ್ಷಿಗಳು ತಪಸ್ಸು ಮಾಡಿದ ಜಾಗವಾದ್ದರಿಂದ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಹಳೇನಗರದಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯ ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನದ್ದು. ಅಂದರೆ ಕಾರ್ಖಾನೆ ಬರುವುದಕ್ಕೆ ಆರುನೂರು ವರ್ಷ ಮೊದಲೇ ಈ ಹೊಳೆಯ ದಡದಲ್ಲಿ ಊರಿತ್ತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಾಗ ಹಳಿ ನಮ್ಮೂರನ್ನು ಹಾದುಹೋಯಿತು. ಆಗ ಯಾರಿಗೂ ಗೊತ್ತಿರಲಿಲ್ಲ, ಹೊಳೆ ಮತ್ತು ಹಳಿ ಒಟ್ಟಿಗೆ ಸೇರಿದ ಈ ಜಾಗ ಮುಂದೆ ಏನಾಗುತ್ತದೆ ಎಂದು.

ಕಬ್ಬು ಕೂಡ ಹಳೆಯದೇ. ನಮ್ಮ ಅಜ್ಜ ಆಲೆಮನೆ ನಡೆಸುತ್ತಿದ್ದರು. ಗಾಣದಲ್ಲಿ ಅರೆದು ಉಳಿದ ಕಬ್ಬಿನ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಅದನ್ನೇ ಕೊಪ್ಪರಿಗೆಯ ಕೆಳಗಿನ ಒಲೆಗೆ ತುಂಬುತ್ತಿದ್ದರು. ಬೆಲ್ಲ ಕಾಯಿಸಲು ಬೇರೆ ಸೌದೆ ಬೇಕಿರಲಿಲ್ಲ. ಒಲೆಯ ಬೂದಿ ಮತ್ತೆ ಗದ್ದೆಗೆ ಹೋಗುತ್ತಿತ್ತು. "ಕಬ್ಬು ತನ್ನ ಬೆಲ್ಲ ತಾನೇ ಕಾಯಿಸ್ಕೊಳ್ಳುತ್ತೆ" ಎನ್ನುತ್ತಿದ್ದರು ಅಜ್ಜ. ಈ ಮಾತನ್ನು ನೆನಪಿಡಿ. ಭದ್ರಾವತಿಯ ನೂರು ವರ್ಷದ ಕಥೆ ಈ ಒಂದು ಮಾತಿನಲ್ಲಿದೆ ಎಂದು ನನಗೆ ಅನಿಸುತ್ತದೆ.

ಪಾಲಹಳ್ಳಿ, ಮಂಡ್ಯ

ಹೊಳೆ ದಡದ ಊರನ್ನು ಕಾರ್ಖಾನೆ ಬದಲಾಯಿಸಿದ್ದು ಮೈಸೂರು ಸೀಮೆಯಲ್ಲಿ ನಮ್ಮಲ್ಲೇ ಮೊದಲಲ್ಲ. ಬ್ರಿಟಿಷ್ ಕಮಿಷನರುಗಳು ಸಂಸ್ಥಾನವನ್ನು ಆಳುತ್ತಿದ್ದ ಕಾಲದಲ್ಲಿ, 1847ರಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಯಿತು. ಅದು ರೈತರಿಂದ ಕಬ್ಬು ಕೊಳ್ಳುತ್ತಿರಲಿಲ್ಲ, ಬೆಲ್ಲ ಕೊಂಡು ಅದನ್ನು ಶುದ್ಧಿ ಮಾಡಿ ಸಕ್ಕರೆ ಮಾಡುತ್ತಿತ್ತು. ಲಂಡನ್ನಿನ ಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನವೂ ಬಂತು. ಆದರೆ ಆ ಕಾರ್ಖಾನೆ ಉಳಿಯಲಿಲ್ಲ.

ಮುಂದೆ ಬಹಳ ಕಾಲ ಜಾವಾ ದ್ವೀಪದ ಸಕ್ಕರೆ ನಮ್ಮ ದೇಶಕ್ಕೆ ಹಡಗುಗಟ್ಟಲೆ ಬರುತ್ತಿತ್ತು. 1932ರಲ್ಲಿ ಭಾರತ ಸರ್ಕಾರ ಕಾನೂನು ಮಾಡಿ ಹೊರಗಿನ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿದ ಮೇಲೆ ದೇಶದೊಳಗೆ ಕಾರ್ಖಾನೆಗಳು ಎದ್ದವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ದುಡಿದವರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮುಖ್ಯರು. ನಮ್ಮ ಮಲೆನಾಡಿನ ಅಡಿಕೆಗೆ ಬರುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿಕೊಟ್ಟವರೂ ಅವರೇ. ಕಬ್ಬು ಮತ್ತು ಅಡಿಕೆ, ಎರಡರ ಕಥೆಯಲ್ಲೂ ಈ ಒಬ್ಬ ಮನುಷ್ಯ ಬರುತ್ತಾನೆ. ಮಂಡ್ಯಕ್ಕೆ ಸಕ್ಕರೆ ಮೊದಲು ಬಂತು. ನಮಗೆ ಕಬ್ಬಿಣ ಮೊದಲು ಬಂತು, ಸಕ್ಕರೆ ಕೊನೆಗೆ ಬಂತು.

ಒಂದರ ಕಸ, ಇನ್ನೊಂದರ ಕೂಳು

ಮೈಸೂರಿನಲ್ಲಿ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಆದರೆ ಸುತ್ತ ಕಾಡಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸೌದೆಯನ್ನು ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುವ ಯೋಜನೆ ಗಟ್ಟಿಯಾಯಿತು. 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಗಿ, 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಬೆಂಕಿಪುರಕ್ಕೆ ನಿಜವಾದ ಬೆಂಕಿ ಬಂದದ್ದು ಆಗ. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯಲ್ಲಿ ಬೆಟ್ಟ ಇಳಿದು, ಪುಟ್ಟ ರೈಲಿನಲ್ಲಿ ಬರುತ್ತಿತ್ತು. ಸುಣ್ಣಕಲ್ಲು ಭದಿಗುಂಡದಿಂದ, ಸೌದೆ ಸುತ್ತಲ ಕಾಡಿನಿಂದ, ನೀರು ಹೊಳೆಯಿಂದ.

ಮೊದಲ ವರ್ಷಗಳಲ್ಲಿ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಇದು ಸರ್ಕಾರ ಸಾಕಿದ ಬಿಳಿ ಆನೆ ಎಂದು ಆಡಿಕೊಂಡವರಿದ್ದರು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೂ 1923ರಿಂದ 1929ರವರೆಗೆ ಅದರ ಅಧ್ಯಕ್ಷರಾಗಿ ನಿಂತು ಅದನ್ನು ನಡೆಸಿದರು.

ಇಂಜಿನಿಯರ್ ಆಗಿ ನನಗೆ ಅಚ್ಚರಿ ಎನಿಸುವುದು ಇದರ ಜೋಡಣೆ. ಸೌದೆಯನ್ನು ಬರೀ ಸುಡದೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಆಗ ಏಳುವ ಹೊಗೆಯನ್ನು ತಣಿಸಿ ಮರದ ಆಲ್ಕೋಹಾಲು, ಅಸಿಟೇಟ್, ಟಾರು ತೆಗೆಯುತ್ತಿದ್ದರು. 1936ರಲ್ಲಿ ಉಕ್ಕಿನ ಘಟಕ ಬಂತು. 1938ರಲ್ಲಿ ಸಿಮೆಂಟ್ ಘಟಕ ಬಂತು, ಕುಲುಮೆಯಿಂದ ಉಳಿಯುವ ಕಿಟ್ಟಕ್ಕೂ ಸುಣ್ಣಕಲ್ಲಿಗೂ ಅಲ್ಲಿ ದಾರಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ, 1936ರಲ್ಲಿ, ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನಾವೆಲ್ಲ ಎಂ.ಪಿ.ಎಂ. ಎಂದು ಕರೆಯುವುದು ಅದನ್ನೇ. ಕಾಡಿನ ಬಿದಿರು ಕಾಗದವಾಯಿತು. ಜೋಗದ ವಿದ್ಯುತ್ ಬಂದ ಮೇಲೆ ಕಬ್ಬಿಣ ಕರಗಿಸಲು ವಿದ್ಯುತ್ ಕುಲುಮೆಗಳೂ ಬಂದವು.

ಇತ್ತ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಿತು. 1947ರಲ್ಲಿ ಶುರುವಾದ ಕೆಲಸ 1960ರ ದಶಕದಲ್ಲಿ ಮುಗಿದು, ಚಾನಲ್‌ನಲ್ಲಿ ನೀರು ಹರಿದಾಗ ಮಳೆ ನೋಡಿ ಬಿತ್ತುತ್ತಿದ್ದ ಹೊಲಗಳು ಗದ್ದೆಯಾದವು. ಭತ್ತದ ಜೊತೆ ಕಬ್ಬೂ ಹೆಚ್ಚಿತು. ನಮ್ಮ ಶಾಲೆ ಶುರುವಾದ ಆಸುಪಾಸಿನಲ್ಲೇ, 1977ರಲ್ಲಿ, ಎಂ.ಪಿ.ಎಂ. ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ಮಾಡತೊಡಗಿತು. ಅದೇ ದಶಕದಲ್ಲಿ ಅದರ ಪಕ್ಕದಲ್ಲೇ ದಿನಕ್ಕೆ 2,500 ಟನ್ ಕಬ್ಬು ಅರೆಯುವ ಸಕ್ಕರೆ ಘಟಕ ಬಂತು.

ಕಾಗದದವರಿಗೆ ಸಕ್ಕರೆ ಯಾಕೆ ಎಂದು ಕೇಳಬಹುದು. ಒಂದು ಟನ್ ಕಬ್ಬು ಅರೆದರೆ ಸಿಗುವ ಸಕ್ಕರೆ ಹೆಚ್ಚೂಕಡಿಮೆ 100 ಕೆ.ಜಿ. ಉಳಿಯುವ ಹಸಿ ಸಿಪ್ಪೆ ಕಾಲು ಟನ್ನಿಗೂ ಹೆಚ್ಚು. ಆ ಸಿಪ್ಪೆಯ ನಾರಿನಿಂದ ಕಾಗದ ಮಾಡಬಹುದು. ಅಜ್ಜನ ಆಲೆಮನೆಯಲ್ಲಿ ಒಲೆಗೆ ಹೋಗುತ್ತಿದ್ದ ಸಿಪ್ಪೆ ಇಲ್ಲಿ ದಿನಪತ್ರಿಕೆಯಾಗಿ ನಮ್ಮ ಮನೆ ಬಾಗಿಲಿಗೆ ವಾಪಸು ಬಂತು! ಉಳಿದ ಕಾಕಂಬಿಗೂ ಗಿರಾಕಿಗಳಿದ್ದರು. ಒಂದರ ಕಸ ಇನ್ನೊಂದರ ಕೂಳು. ಭದ್ರಾವತಿ ಎಂದರೆ ಊರಿನಷ್ಟು ದೊಡ್ಡ ಆಲೆಮನೆ.

ಬಂದವರು

ಈ ಕಾರ್ಖಾನೆಗಳ ಜೊತೆ ಜನ ಬಂದರು. ತಮಿಳು, ತೆಲುಗು, ಮಲಯಾಳ, ಉರ್ದು, ಮರಾಠಿ ಮಾತಾಡುವ ಮನೆಗಳು ನ್ಯೂಟೌನ್, ಪೇಪರ್ ಟೌನ್, ಜನ್ನಾಪುರಗಳಲ್ಲಿ ಬೇರೂರಿದವು. ನನ್ನ ತರಗತಿಯಲ್ಲಿ ಮನೆಯಲ್ಲಿ ಬೇರೆ ಮಾತಾಡಿ ಶಾಲೆಯಲ್ಲಿ ಕನ್ನಡ ಮಾತಾಡುವ ಹುಡುಗರು ಬೇಕಾದಷ್ಟಿದ್ದರು. ಕನ್ನಡದ ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದವನ ಮನೆಮಾತು ತಮಿಳು. ಯುಗಾದಿಗೆ ಒಬ್ಬರ ಮನೆ ಹೋಳಿಗೆ, ರಂಜಾನಿಗೆ ಇನ್ನೊಬ್ಬರ ಮನೆ ಪಾಯಸ, ಪೊಂಗಲ್ಲಿಗೆ ಮತ್ತೊಬ್ಬರ ಮನೆ ಕಬ್ಬು. ಇದು ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಆದರೆ ಆ ಕಾರ್ಖಾನೆಗಳು ಮಾಡಿದ್ದರಲ್ಲಿ ಬಹಳ ಕಾಲ ಬಾಳುವ ವಸ್ತು ಇದೇ ಇರಬಹುದು.

ಸುಗ್ಗಿಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಕಡಿದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಾಗಾಗಿ ಸಾಲಿನಲ್ಲಿ ನಿಂತ ರೈತನಿಗೆ ನಿದ್ದೆಯಿಲ್ಲ. ನಮಗೆ ಮಾತ್ರ ಅದು ಹಬ್ಬ. ಓಡುವ ಟ್ರ್ಯಾಕ್ಟರ್ ಹಿಂದೆ ಓಡಿ ಜಲ್ಲೆ ಎಳೆದು, ಮರುದಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರರಿಂದ ಬೈಸಿಕೊಂಡವರು ಈ ಸಂಚಿಕೆ ಓದುತ್ತಿರುವವರಲ್ಲೂ ಇದ್ದಾರೆ. ಹೆಸರು ಹೇಳುವುದಿಲ್ಲ.

ಕೊಂಡಿ ಕಳಚಿದ್ದು

ನನ್ನ ಕೆಲಸದಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. ತಳದಲ್ಲಿರುವುದು ಕೈಕೊಟ್ಟರೆ ಮೇಲಿನವೆಲ್ಲ ಒಂದೊಂದಾಗಿ ನಿಲ್ಲುತ್ತವೆ. ನಮ್ಮೂರಲ್ಲೂ ಹಾಗೇ ಆಯಿತು. ಕಾಡು ಮುಗಿಯದ ಉಗ್ರಾಣ ಎಂದುಕೊಂಡಿದ್ದರು, ಅದು ಮುಗಿಯುತ್ತ ಬಂತು. ಬಿದಿರಿನ ಜಾಗಕ್ಕೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದವು. ಅದರ ಜಗಳ ಮಲೆನಾಡಿನಲ್ಲಿ ಇವತ್ತಿಗೂ ಮುಗಿದಿಲ್ಲ. ಕೆಮ್ಮಣ್ಣುಗುಂಡಿಯ ಗಣಿ ನಿಂತಿತು. ತನ್ನದೇ ಗಣಿ ಇಲ್ಲದ ಉಕ್ಕಿನ ಕಾರ್ಖಾನೆ ಕೊಂಡು ತಂದ ಅದಿರಿನಿಂದ ಎಷ್ಟು ದಿನ ನಡೆದೀತು? ಹೊರದೇಶದ ಅಗ್ಗದ ನ್ಯೂಸ್‌ಪ್ರಿಂಟ್ ಎದುರು ಕಾಗದ ಕಾರ್ಖಾನೆ ನಷ್ಟಕ್ಕೆ ಬಿತ್ತು. 2015ರ ಕೊನೆಯ ಹೊತ್ತಿಗೆ ಎಂ.ಪಿ.ಎಂ. ಉತ್ಪಾದನೆ ನಿಂತುಹೋಗಿತ್ತು, ಸಕ್ಕರೆ ಘಟಕವೂ ಅದರೊಟ್ಟಿಗೆ. ಶಿವಮೊಗ್ಗದ ತುಂಗಭದ್ರಾ ಸಕ್ಕರೆ ಕಾರ್ಖಾನೆ ಅದಕ್ಕೂ ಮೊದಲೇ ಬಾಗಿಲು ಹಾಕಿತ್ತು.

ಉಕ್ಕಿನ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈ ಸೇರಿ, 1998ರಲ್ಲಿ ಅದರಲ್ಲಿ ವಿಲೀನವಾಗಿತ್ತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಗೇಟಿನ ಮುಂದೆ ಕೂತು ಹೋರಾಡಿದರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ಓಡಿತು. ಅಷ್ಟು ಜೀವ ಇನ್ನೂ ಇದೆ.

ಒಂದು ಮಾತನ್ನು ಮುಚ್ಚಿಡಬಾರದು. ಎಲ್ಲ ಕಸಕ್ಕೂ ಗಿರಾಕಿ ಸಿಕ್ಕಿತೆಂದು ಮೇಲೆ ಬರೆದೆ. ಒಂದಕ್ಕೆ ಸಿಗಲಿಲ್ಲ. ಕಾರ್ಖಾನೆಗಳ ಕೊಳೆ ನೀರು ಹೊಳೆಗೆ ಹೋಯಿತು. ಕೂಡ್ಲಿಯಲ್ಲಿ ತುಂಗೆಯನ್ನು ಸೇರುವ ಮೊದಲು ಭದ್ರೆ ಹಾದುಹೋಗುವ ಹಳ್ಳಿಗಳವರು ಆ ನೀರಿನಲ್ಲೇ ದನ ತೊಳೆದರು, ಗದ್ದೆ ಕಟ್ಟಿದರು, ದೂರನ್ನೂ ಹೇಳಿದರು. ನಮಗೆ ಅನ್ನ ಕೊಟ್ಟ ಕಾರ್ಖಾನೆಯ ಬೆಲೆಯಲ್ಲಿ ಒಂದು ಪಾಲನ್ನು ಅವರು ತೆತ್ತರು. ಎಲ್ಲದಕ್ಕೂ ತಳದಲ್ಲಿದ್ದ ಹೊಳೆಯ ಹೆಸರು ಯಾವ ಲೆಕ್ಕಪುಸ್ತಕದಲ್ಲೂ ಇರಲಿಲ್ಲ. ಮೇಷ್ಟ್ರು "ಕೆಳಗೆ ನೋಡಿ" ಎಂದದ್ದು ಇದಕ್ಕೇ ಇರಬೇಕು.

ಇವತ್ತು

ಇವತ್ತು ಚಾನಲ್ ಏರಿಯ ಮೇಲೆ ನಿಂತು ನೋಡಿದರೆ ಕಬ್ಬಿನ ಜಾಗದಲ್ಲಿ ಅಡಿಕೆ ತೋಟ. ಬೆಲೆ ಇದ್ದಾಗ ಬೆಳೆದದ್ದು ತಪ್ಪಲ್ಲ. ಆದರೆ ಊರೆಲ್ಲ ಒಂದೇ ಬೆಳೆಯನ್ನು ನೆಚ್ಚಿದರೆ ಅದೂ ಒಂದೇ ಕೊಂಡಿಗೆ ಜೋತುಬಿದ್ದ ಹಾಗೆ. ಉಳಿದ ಕಬ್ಬಿನಲ್ಲಿ ಒಂದಿಷ್ಟು ಮತ್ತೆ ಆಲೆಮನೆಗೆ ಹೋಗುತ್ತಿದೆ. ನನ್ನಂಥವರು ಬೆಂಗಳೂರಿಗೆ ಹೋದೆವು. ಅಪ್ಪಂದಿರು ಪಾಳಿಗೆ ಹೋಗುತ್ತಿದ್ದ ಊರಿಗೆ ನಾವು ಹಬ್ಬಕ್ಕೆ ಬರುತ್ತೇವೆ.

ಕಾರ್ಖಾನೆಗಳನ್ನು ಮತ್ತೆ ಶುರುಮಾಡುವ ಶಕ್ತಿ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಒಂದಿದೆ. ಕುಲುಮೆಯ ಮುಂದೆ ನಿಂತವರು, ಪಾಕದ ಹದ ನೋಡಿದವರು, ಕಾಗದದ ಯಂತ್ರ ಓಡಿಸಿದವರು, ಸಾಲಿನಲ್ಲಿ ರಾತ್ರಿ ಕಳೆದ ರೈತರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕೆಲಸ ಯಾವ ಪುಸ್ತಕದಲ್ಲೂ ಇಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಮನೆಯಲ್ಲಿರುವ ಹಳೇ ಗೇಟ್‌ಪಾಸು, ಸಂಬಳದ ಚೀಟಿ, ಕಬ್ಬಿನ ತೂಕದ ರಸೀದಿ, ಫೋಟೋ ಎಸೆಯಬೇಡಿ. ಫೋನಿನಲ್ಲಿ ಚಿತ್ರ ತೆಗೆದು ಶಾಲೆಗೆ ಕಳಿಸಿ. ಹಿರಿಯರನ್ನು ಕೂರಿಸಿಕೊಂಡು ಅವರ ಮಾತು ರೆಕಾರ್ಡ್ ಮಾಡಿ. ಅವನ್ನೆಲ್ಲ ಜೋಡಿಸಿ ಶಾಲೆಯ ಕಂಪ್ಯೂಟರಿನಲ್ಲಿ ಮಕ್ಕಳು ನೋಡುವ ಹಾಗೆ ಇಡುವ ಕೆಲಸ ನನ್ನದು. ಆ ವಿದ್ಯೆಗೆ ತಳಪಾಯ ಹಾಕಿದ್ದು ಈ ಶಾಲೆಯೇ.

ಈಗ ಎಂಟನೇ ತರಗತಿಯಲ್ಲಿರುವ ಮಕ್ಕಳಿಗೆ ಸೈರನ್ನಿನ ಸದ್ದು ಕೇಳಿ ಗಡಿಯಾರ ಸರಿಮಾಡಿಕೊಂಡ ಅನುಭವವಿಲ್ಲ. ಅವರಿಗೂ ಯಾರಾದರೂ ಆ ಪ್ರಶ್ನೆ ಕೇಳಬೇಕು, ಸೇತುವೆ ಮೇಲೆ ನಿಲ್ಲಿಸಿ ಕೆಳಗೆ ತೋರಿಸಬೇಕು. ಹೊಳೆ ಇನ್ನೂ ಹರಿಯುತ್ತಿದೆ.