ಎಚ್ಚರದ ಮೆದುಳು, ಔಷಧ ಮತ್ತು ರಕ್ತದ ಹರಿವು: ಒಂದು ಚಿತ್ರಣ ವಿಧಾನದ ಚರಿತ್ರೆ

ವಯಸ್ಕ ಮನುಷ್ಯನ ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇದ್ದರೂ, ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಶೇ. 15ರಷ್ಟನ್ನೂ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20ರಷ್ಟನ್ನೂ ತಾನೇ ಪಡೆಯುತ್ತದೆ. ಈ ಹರಿವಿನ ಮೇಲೆ ಔಷಧವೊಂದು ಎರಡು ದಾರಿಗಳಿಂದ ಪರಿಣಾಮ ಬೀರಬಲ್ಲದು. ರಕ್ತನಾಳದ ಗೋಡೆಯಲ್ಲಿರುವ ಸ್ನಾಯುವನ್ನು ನೇರವಾಗಿ ಸಡಿಲಿಸಿಯೋ ಬಿಗಿಗೊಳಿಸಿಯೋ ಅದು ಹರಿವನ್ನು ಬದಲಿಸಬಹುದು. ಇಲ್ಲವೆ ನರಕೋಶಗಳ ಚಟುವಟಿಕೆಯನ್ನು ಏರಿಸಿಯೋ ಇಳಿಸಿಯೋ, ಆ ಚಟುವಟಿಕೆಗೆ ತಕ್ಕಷ್ಟು ರಕ್ತ ಒದಗಿಸುವ ಸಹಜ ವ್ಯವಸ್ಥೆಯ ಮೂಲಕ ಬದಲಿಸಬಹುದು. ಕಾಫಿಯಲ್ಲಿರುವ ಕೆಫೀನ್ ಎರಡೂ ದಾರಿಗಳಲ್ಲಿ ಒಮ್ಮೆಗೇ ಕೆಲಸ ಮಾಡುತ್ತದೆ: ಅಡಿನೊಸಿನ್ ಎಂಬ ರಾಸಾಯನಿಕಕ್ಕೆ ಅಡ್ಡ ನಿಂತು ನರಕೋಶಗಳನ್ನು ಚುರುಕುಗೊಳಿಸುವ ಅದು, ಅದೇ ಅಡಿನೊಸಿನ್ ಹಿಗ್ಗಿಸಬೇಕಿದ್ದ ನಾಳಗಳನ್ನು ಕುಗ್ಗಿಸಿ, ಮನುಷ್ಯರಲ್ಲಿ ಮೆದುಳಿನ ರಕ್ತಹರಿವನ್ನು ಸುಮಾರು ಕಾಲು ಭಾಗದಷ್ಟು ತಗ್ಗಿಸುತ್ತದೆ. ಈ ಎರಡು ದಾರಿಗಳನ್ನು ಬೇರ್ಪಡಿಸಿ ನೋಡಲು ಪ್ರಾಣಿಗಳ ಮೇಲಿನ ಪ್ರಯೋಗ ಬೇಕಾಯಿತು. ಆದರೆ ಪ್ರಯೋಗಕ್ಕೆ ಒಳಪಡುವ ಪ್ರಾಣಿಗೆ ಕೊಡುವ ಅರಿವಳಿಕೆಯೂ ಎರಡೂ ದಾರಿಗಳಲ್ಲಿ ಕೆಲಸ ಮಾಡುವ ಔಷಧವೇ ಆದ್ದರಿಂದ, ಈ ಕ್ಷೇತ್ರದ ನೂರ ಮೂವತ್ತು ವರ್ಷಗಳ ಚರಿತ್ರೆಯನ್ನು ಅರಿವಳಿಕೆಯ ಪ್ರಭಾವವನ್ನು ಕಳೆಯುವ ಪ್ರಯತ್ನದ ಚರಿತ್ರೆಯೆಂದೇ ಓದುವುದು ಸರಿಯಾದೀತು.

ಕೇಂಬ್ರಿಜ್‌ನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ 1890ರಲ್ಲಿ ಪ್ರಕಟಿಸಿದ ಪ್ರಬಂಧ, ಮೆದುಳು ತನ್ನ ಕೆಲಸದ ಏರಿಳಿತಕ್ಕೆ ಅನುಗುಣವಾಗಿ ತನ್ನ ರಕ್ತಪೂರೈಕೆಯನ್ನು ಆಯಾ ಭಾಗದಲ್ಲೇ ಹೊಂದಿಸಿಕೊಳ್ಳುತ್ತದೆ ಎಂಬ ವಿಚಾರವನ್ನು ಮುಂದಿಟ್ಟಿತು. ಅವರ ಪ್ರಾಣಿಗಳು ಅರಿವಳಿಕೆಯಲ್ಲಿದ್ದವು. ತಲೆಬುರುಡೆಯಲ್ಲಿ ಕೊರೆದ ಕಿಂಡಿಯ ಮೂಲಕ ಮೆದುಳಿನ ಉಬ್ಬು ತಗ್ಗುಗಳನ್ನು ಅವರು ದಾಖಲಿಸಿದ್ದರು. ಆರೇ ವರ್ಷಗಳಲ್ಲಿ ಲಿಯೊನಾರ್ಡ್ ಹಿಲ್ ಇದಕ್ಕೆ ವಿರುದ್ಧವಾಗಿ, ಮೆದುಳಿನ ಹರಿವು ದೇಹದ ರಕ್ತದೊತ್ತಡವನ್ನು ಸುಮ್ಮನೆ ಹಿಂಬಾಲಿಸುತ್ತದೆಯೇ ಹೊರತು ಸ್ವಂತ ನಿಯಂತ್ರಣ ಹೊಂದಿಲ್ಲವೆಂದು ವಾದಿಸಿದರು. ಅವರ ಮಾತಿಗೆ ದಶಕಗಳ ಕಾಲ ಮನ್ನಣೆ ಸಿಕ್ಕಿತು, ಒಳ್ಳೆಯ ವಿಚಾರವೊಂದು ಅಷ್ಟು ಕಾಲ ಮೂಲೆಗುಂಪಾಯಿತು.

ಅಂಕಿಗಳು ದೊರೆತದ್ದು ಫಿಲಡೆಲ್ಫಿಯಾದ ಸೇಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಅವರಿಂದ. ಅಲ್ಪ ಪ್ರಮಾಣದ ನೈಟ್ರಸ್ ಆಕ್ಸೈಡ್ ಅನಿಲವನ್ನು ಹತ್ತು ನಿಮಿಷ ಉಸಿರಾಡಿಸಿ, ಮೆದುಳಿಗೆ ಹೋಗುವ ರಕ್ತದಲ್ಲೂ ಅಲ್ಲಿಂದ ಮರಳುವ ರಕ್ತದಲ್ಲೂ ಆ ಅನಿಲ ಎಷ್ಟಿದೆಯೆಂದು ಅಳೆದು, ಅವರು ಎಚ್ಚರವಿರುವ ಮನುಷ್ಯರಲ್ಲಿಯೇ ಹರಿವನ್ನು ಲೆಕ್ಕಹಾಕಿದರು. 1948ರ ವರದಿಯ ಪ್ರಕಾರ ಅದು 100 ಗ್ರಾಂ ಮೆದುಳಿಗೆ ನಿಮಿಷಕ್ಕೆ 54 ಮಿಲಿಲೀಟರ್, ಎಂದರೆ ಇಡೀ ಮೆದುಳಿಗೆ ಮುಕ್ಕಾಲು ಲೀಟರಿನಷ್ಟು. ಔಷಧಗಳ ಪರಿಣಾಮವನ್ನು ಮನುಷ್ಯರಲ್ಲಿ ಅಳೆಯುವುದಕ್ಕೆ ಇದರಿಂದ ಹಾದಿ ತೆರೆಯಿತಾದರೂ, ಇಡೀ ಮೆದುಳಿನ ಸರಾಸರಿಯನ್ನು ಮಾತ್ರ ಹೇಳುವ ವಿಧಾನವಾದ್ದರಿಂದ, ಒಂದು ಭಾಗದಲ್ಲಿ ಏರಿ ಇನ್ನೊಂದರಲ್ಲಿ ಇಳಿದ ಹರಿವು ಅದರ ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಿದ 1955ರ ಪ್ರಯೋಗ ಈ ಚರಿತ್ರೆಯ ನಡುಗಂಬ. ವಿಲಿಯಂ ಲ್ಯಾಂಡೌ, ಲೂಯಿ ಸೊಕೊಲಾಫ್, ಕೆಟಿ ಮತ್ತು ಸಂಗಡಿಗರು ವಿಕಿರಣಶೀಲ ಅಯೋಡಿನ್ ಸೇರಿಸಿದ ಅನಿಲವೊಂದನ್ನು ಬೆಕ್ಕಿನ ರಕ್ತಕ್ಕೆ ಬಿಟ್ಟು, ಸುಮಾರು ಒಂದು ನಿಮಿಷದ ಬಳಿಕ ಅದನ್ನು ಕೊಂದು, ಮೆದುಳನ್ನು ಹೆಪ್ಪುಗಟ್ಟಿಸಿ, ತೆಳುವಾದ ಪದರಗಳಾಗಿ ಕೊಯ್ದು ಎಕ್ಸ್‌ರೇ ಫಿಲ್ಮಿನ ಮೇಲೆ ಇಟ್ಟರು. ರಕ್ತ ಹೆಚ್ಚು ಹರಿದ ಭಾಗಕ್ಕೆ ವಿಕಿರಣವೂ ಹೆಚ್ಚು ಸೇರಿರುತ್ತದೆಯಾದ್ದರಿಂದ ಫಿಲ್ಮು ಅಲ್ಲಿ ಹೆಚ್ಚು ಕಪ್ಪಾಗುತ್ತಿತ್ತು. ಹೀಗೆ ಮೆದುಳಿನ ಪ್ರತಿ ಭಾಗದ ಹರಿವಿನ ನಕ್ಷೆಯೊಂದು ಮೊದಲ ಬಾರಿಗೆ ಕೈಗೆ ಬಂತು. ಅವರು ಎರಡು ಗುಂಪುಗಳನ್ನು ಹೋಲಿಸಿದರು: ಒಂದರ ಬೆಕ್ಕುಗಳು ಎಚ್ಚರವಾಗಿದ್ದವು, ಇನ್ನೊಂದಕ್ಕೆ ಥಯೊಪೆಂಟಾಲ್ ಅರಿವಳಿಕೆ ಕೊಡಲಾಗಿತ್ತು. ಎಚ್ಚರದ ಬೆಕ್ಕಿನಲ್ಲಿ ನೋಟ, ಕೇಳ್ಮೆ, ಸ್ಪರ್ಶಗಳನ್ನು ಗ್ರಹಿಸುವ ಹೊರಪದರದ ಭಾಗಗಳಲ್ಲಿ ಗ್ರಾಮಿಗೆ ನಿಮಿಷಕ್ಕೆ ಸುಮಾರು 1.3 ಮಿಲಿಲೀಟರ್ ರಕ್ತ ಹರಿಯುತ್ತಿತ್ತು. ಥಯೊಪೆಂಟಾಲ್ ಪಡೆದವುಗಳಲ್ಲಿ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನರತಂತುಗಳ ಕಟ್ಟುಗಳಿರುವ ಬಿಳಿ ಭಾಗದಲ್ಲಾದರೋ ಹರಿವು ಬಹುಮಟ್ಟಿಗೆ ಇದ್ದ ಹಾಗೆಯೇ ಇತ್ತು. ಅರಿವಳಿಕೆಯು ಎಲ್ಲ ಭಾಗಗಳ ಹರಿವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸಿದ್ದರೆ ಲೆಕ್ಕದಲ್ಲಿ ಸರಿದೂಗಿಸಬಹುದಿತ್ತು. ಅದು ಭಾಗಕ್ಕೊಂದು ಬಗೆಯಲ್ಲಿ ನಕ್ಷೆಯನ್ನೇ ತಿದ್ದುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಯಿತು. ಮುಂದೆ ಅರಿವಳಿಕೆಯಲ್ಲಿ ನಡೆದ ಎಷ್ಟೋ ಔಷಧ ಪರೀಕ್ಷೆಗಳ ತೀರ್ಮಾನಗಳನ್ನು ಈ ಫಲಿತಾಂಶದ ಎದುರು ಇಟ್ಟು ಓದಬೇಕಿತ್ತು. ಹಾಗೆ ಓದದೆ ಹೋದದ್ದು ಈ ಕ್ಷೇತ್ರಕ್ಕೆ ಆದ ನಿಜವಾದ ನಷ್ಟ.

1978ರಲ್ಲಿ ಸೊಕೊಲಾಫ್‌ರ ತಂಡ ಅನಿಲದ ಬದಲು ಅಯೊಡೊಆಂಟಿಪೈರಿನ್ ಎಂಬ ದ್ರವರೂಪದಲ್ಲಿ ಕೊಡಬಹುದಾದ ಗುರುತುವಸ್ತುವನ್ನು ಬಳಕೆಗೆ ತಂದಿತು. ಇಂಥ ಪ್ರಯೋಗಗಳಲ್ಲಿ ಇಲಿಗೆ ಮೊದಲು ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು, ತೊಡೆಯ ರಕ್ತನಾಳಗಳಿಗೆ ಸಣ್ಣ ನಳಿಗೆ ತೂರಿಸಿ, ಸೊಂಟದಿಂದ ಕೆಳಗೆ ಪ್ಲಾಸ್ಟರ್ ಪಟ್ಟಿ ಸುತ್ತಿ ಹಲಗೆಗೆ ಬಿಗಿದು, ಅದು ಪೂರ್ತಿ ಎಚ್ಚರಗೊಂಡ ಕೆಲವು ಗಂಟೆಗಳ ಬಳಿಕ ಅಳತೆ ತೆಗೆಯುವುದು ರೂಢಿಯಾಯಿತು. ಅರಿವಳಿಕೆ ತೊಲಗಿತು, ಆದರೆ ಬಂಧನದ ಭಯ ಆ ಸ್ಥಾನಕ್ಕೆ ಬಂತು. ಅಲ್ಲದೆ ಒಂದು ಪ್ರಾಣಿಯಿಂದ ಒಂದೇ ಕ್ಷಣದ ಚಿತ್ರ ಸಿಗುತ್ತಿದ್ದುದರಿಂದ, ಔಷಧ ಕೊಡುವ ಮುನ್ನ ಮತ್ತು ಕೊಟ್ಟ ನಂತರ ಅದೇ ಮೆದುಳು ಹೇಗಿತ್ತೆಂದು ಹೋಲಿಸುವುದು ಅಸಾಧ್ಯವಾಗಿತ್ತು.

ಜೀವಂತ ಪ್ರಾಣಿಯನ್ನು ಮತ್ತೆ ಮತ್ತೆ ಚಿತ್ರಿಸುವ ಸೌಲಭ್ಯವನ್ನು ತಂದುಕೊಟ್ಟದ್ದು ಎಂಆರ್‌ಐ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕದಡುತ್ತದೆ ಎಂಬ ಗುಣವನ್ನು ಹಿಡಿದು ಸೇಯ್ಜಿ ಒಗಾವ 1990ರಲ್ಲಿ ಇಲಿಗಳ ಮೆದುಳಿನ ರಕ್ತದ ಆಮ್ಲಜನಕ ಸ್ಥಿತಿಯನ್ನು ಚಿತ್ರಿಸಿದರು. 1992ರಲ್ಲಿ ಜಾನ್ ಡೆಟ್ರೆ, ಅಲನ್ ಕೊರೆಟ್‌ಸ್ಕಿ ಮೊದಲಾದವರು ಹೊರಗಿನ ಯಾವ ವಸ್ತುವನ್ನೂ ಚುಚ್ಚದೆ, ಕತ್ತಿನ ಬಳಿ ಹರಿಯುವ ರಕ್ತದ ನೀರಿನ ಕಣಗಳನ್ನೇ ಕಾಂತೀಯವಾಗಿ ಗುರುತು ಮಾಡಿ ಹರಿವನ್ನು ಅಳೆದರು. ಯಂತ್ರದೊಳಗೆ ಪ್ರಾಣಿ ಅಲುಗಾಡಬಾರದೆಂಬ ಕಾರಣಕ್ಕೆ ಅರಿವಳಿಕೆ ಮಾತ್ರ ಹಿಂಬಾಗಿಲಿನಿಂದ ಮರಳಿ ಬಂತು. ಹೆಚ್ಚಾಗಿ ಬಳಕೆಯಾದ ಐಸೊಫ್ಲೂರೇನ್ ಎಂಬ ಅರಿವಳಿಕೆ ನಾಳಗಳನ್ನು ತಾನೇ ಹಿಗ್ಗಿಸುವುದರಿಂದ, ಔಷಧ ಇನ್ನಷ್ಟು ಹಿಗ್ಗಿಸಲು ಉಳಿದಿರುವ ಅವಕಾಶವೇ ಕಿರಿದಾಗುತ್ತದೆ. ಕೊಕೇನಿನ ಪ್ರಯೋಗಗಳಲ್ಲಿ ಅರಿವಳಿಕೆ ಬದಲಾದಂತೆ ಹರಿವಿನ ದಿಕ್ಕೇ ತಿರುಗಿದ ವರದಿಗಳೂ ಇವೆ. ಮ್ಯಾಸಚೂಸೆಟ್ಸ್‌ನ ಕ್ರೇಗ್ ಫೆರಿಸ್ ಮತ್ತು ಸಹೋದ್ಯೋಗಿಗಳು 1998ರಲ್ಲಿ ಎಚ್ಚರವಿರುವ ಇಲಿಯ ಎಂಆರ್‌ಐ ಚಿತ್ರಣವನ್ನು ಪ್ರಕಟಿಸಿ, ನಂತರದ ವರ್ಷಗಳಲ್ಲಿ ಪ್ರಾಣಿಯನ್ನು ದಿನಗಟ್ಟಲೆ ಹಿಡಿಕೆಗೂ ಯಂತ್ರದ ಸದ್ದಿಗೂ ಒಗ್ಗಿಸಿ, ಹೃದಯಬಡಿತ, ಉಸಿರಾಟಗಳು ಶಾಂತವಾದ ಮೇಲಷ್ಟೇ ಅಳೆಯುವ ಪದ್ಧತಿಯನ್ನು ಬೆಳೆಸಿದರು. ಬೆದರಿದ ಪ್ರಾಣಿಯ ಉಸಿರಾಟ ತೀವ್ರಗೊಂಡು ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದರೆ ಮೆದುಳಿನ ನಾಳಗಳು ಕುಗ್ಗುತ್ತವೆಯಾದ್ದರಿಂದ, ಇಲ್ಲಿ ಪ್ರಾಣಿಯ ನೆಮ್ಮದಿ ದಯೆಯ ವಿಷಯವಾಗಿರುವಂತೆಯೇ ಅಳತೆಯ ವಿಷಯವೂ ಆಗಿದೆ.

ಔಷಧ ಮೆದುಳಿನ ಹರಿವನ್ನು ಹೇಗೆ ಬದಲಿಸುತ್ತದೆಂಬ ಈ ಪ್ರಯೋಗಶಾಲೆಯ ಪ್ರಶ್ನೆ ದಕ್ಷಿಣ ಭಾರತದ ಆಸ್ಪತ್ರೆಗಳಿಗೆ ದೂರದ್ದಲ್ಲ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಮತ್ತು 1980ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸ್ಥಾನ ಪಡೆದ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ದಕ್ಷಿಣದ ವಿಳಿಂಜಂನಿಂದ ಉತ್ತರದ ಕಾಸರಗೋಡು, ಮಂಗಳೂರುಗಳವರೆಗಿನ ಪಾರ್ಶ್ವವಾಯು ರೋಗಿಗಳು ನೆಚ್ಚಿಕೊಂಡ ಕೇಂದ್ರಗಳು. ಶ್ರೀ ಚಿತ್ರಾದ ಪ್ರಾಣಿಪ್ರಯೋಗ ಪರಂಪರೆ ಬೆಳೆದದ್ದು ಪೂಜಪ್ಪುರದ ಅರಮನೆಯ ಆವರಣದಲ್ಲಿರುವ ಅದರ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗದಲ್ಲಿ. 1990ರಲ್ಲಿ ಮೊದಲ ರೋಗಿಗೆ ಅಳವಡಿಸಿದ ಚಿತ್ರಾ ಹೃದಯ ಕವಾಟವನ್ನು ಅದಕ್ಕೂ ಮುನ್ನ ಕುರಿಗಳಲ್ಲಿ ಪರೀಕ್ಷಿಸಲಾಗಿತ್ತು. ಕವಾಟ ಬಾಳುವುದೇ ಇಲ್ಲವೇ ಎಂಬುದನ್ನು ತಿಂಗಳುಗಟ್ಟಲೆ ಓಡಾಡಿಕೊಂಡಿರುವ ಕುರಿಯೇ ಹೇಳಬಲ್ಲದು. ಮೆದುಳಿನ ಹರಿವಾದರೋ ಪ್ರಾಣಿಯ ಆ ಗಳಿಗೆಯ ಮನಸ್ಥಿತಿಯೊಡನೆ ಬದಲಾಗುತ್ತದೆ.

ಮೆದುಳಿನ ಹೊರಮೈಯ ನಾಳ ಒಡೆದು ರಕ್ತ ಸುರಿದವರಿಗೆ ಕೊಡುವ ನಿಮೊಡಿಪಿನ್ ಎಂಬ ಔಷಧದ ಕಥೆ, ನಾಳ ಮತ್ತು ನರಕೋಶಗಳ ಎರಡು ದಾರಿಗಳನ್ನು ಬೇರ್ಪಡಿಸುವುದು ರೋಗಿಗಳಲ್ಲಿ ಎಷ್ಟು ಕಷ್ಟವೆಂಬುದಕ್ಕೆ ಒಳ್ಳೆಯ ನಿದರ್ಶನ. ರಕ್ತಸ್ರಾವದ ಕೆಲವು ದಿನಗಳ ನಂತರ ನಾಳಗಳು ಸೆಡೆತುಕೊಳ್ಳುವುದನ್ನು ಅದು ತಡೆಯುತ್ತದೆಂಬ ನಿರೀಕ್ಷೆಯಿತ್ತು. 554 ರೋಗಿಗಳ ಮೇಲೆ ನಡೆದು 1989ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ, ರಕ್ತ ಸಿಗದೆ ಮೆದುಳಿನ ಭಾಗ ಸಾಯುವ ಪ್ರಮಾಣ ಶೇ. 33ರಿಂದ 22ಕ್ಕೆ ಇಳಿದದ್ದು ನಿಜ. ಆದರೆ ಆಂಜಿಯೋಗ್ರಾಂಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ದೊಡ್ಡ ನಾಳಗಳ ಸೆಡೆತ ಸ್ಪಷ್ಟವಾಗಿ ಕಡಿಮೆಯಾದದ್ದು ಕಾಣಲಿಲ್ಲ. ಔಷಧ ಕಾಪಾಡಿದ್ದು ಕಣ್ಣಿಗೆ ಕಾಣದ ಸಣ್ಣ ನಾಳಗಳನ್ನೋ ನೇರವಾಗಿ ನರಕೋಶಗಳನ್ನೋ ಎಂಬ ಪ್ರಶ್ನೆ, ಜೀವ ಉಳಿದ ಮೇಲೂ ಉಳಿದುಕೊಂಡಿತು.

ಭಾರತದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಹಾಗೂ ಅದರಡಿ ಬಂದ 1998ರ ನಿಯಮಗಳಿಗೆ ಒಳಪಟ್ಟಿದ್ದು, ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆಯಿಲ್ಲದೆ ನಡೆಯುವಂತಿಲ್ಲ. ಒಂದೇ ಪ್ರಾಣಿಯನ್ನು ಮತ್ತೆ ಮತ್ತೆ ಚಿತ್ರಿಸುವ ವಿಧಾನಗಳಿಂದ ಬೇಕಾಗುವ ಪ್ರಾಣಿಗಳ ಸಂಖ್ಯೆ ಇಳಿಯುವುದರಿಂದ, ಚಿತ್ರಣದ ಸುಧಾರಣೆಗೆ ಇಲ್ಲಿ ಇನ್ನೊಂದು ಸಮರ್ಥನೆಯೂ ಇದೆ.

2011ರಲ್ಲಿ ಪ್ಯಾರಿಸ್‌ನ ಮಿಕಾಯೆಲ್ ಟ್ಯಾಂಟೆರ್ ಅವರ ತಂಡ, ಗರ್ಭಿಣಿಯರ ಸ್ಕ್ಯಾನಿಂಗಿನಲ್ಲಿ ಪರಿಚಿತವಾದ ಅಲ್ಟ್ರಾಸೌಂಡನ್ನೇ ಅತಿ ವೇಗವಾಗಿ ನಡೆಸಿ ಇಲಿಯ ಮೆದುಳಿನ ಸಣ್ಣ ನಾಳಗಳಲ್ಲಿನ ರಕ್ತದ ಏರಿಳಿತವನ್ನು ಚಿತ್ರಿಸಿತು. ಈ ಉಪಕರಣ ಹಗುರವಾದ್ದರಿಂದ 2015ರ ಹೊತ್ತಿಗೆ ಓಡಾಡುವ ಇಲಿಯ ತಲೆಯ ಮೇಲೇ ಅದನ್ನು ಕೂರಿಸಲು ಸಾಧ್ಯವಾಯಿತು. 2020ರಲ್ಲಿ ಇದೇ ವಿಧಾನದಿಂದ ಎಚ್ಚರದ ಸುಂಡಿಲಿಗಳಲ್ಲಿ ಪರೀಕ್ಷಿಸಲಾದ ಔಷಧಗಳಲ್ಲಿ ಸ್ಕೊಪೊಲಮಿನ್ ಒಂದು: ನಮ್ಮ ಹಿತ್ತಿಲು, ಬೇಲಿಗಳಲ್ಲಿ ಬೆಳೆಯುವ ಉಮ್ಮತ್ತಿ ಗಿಡದಲ್ಲಿರುವ, ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಸಂದೇಶವನ್ನು ತಡೆಯುವ ವಸ್ತು.

ಇಲ್ಲಿಗೆ ತೊಡಕು ಮುಗಿಯಲಿಲ್ಲ. ತಲೆಯನ್ನು ಹಿಡಿಕೆಯಲ್ಲಿ ನಿಲ್ಲಿಸಿದ ಸುಂಡಿಲಿ ಮೀಸೆ ಅಲುಗಿಸಿದರೂ ಮೈ ಕೊಸರಿದರೂ ಹರಿವು ಏರುತ್ತದೆಂದೂ, ಸಂಶೋಧಕರು ಎಚ್ಚರವೆಂದು ಭಾವಿಸಿದ ಹೊತ್ತಿನಲ್ಲೇ ಅದು ನಿದ್ದೆಗೆ ಜಾರುತ್ತಿರುತ್ತದೆಂದೂ, ಆ ನಿದ್ದೆಯಲ್ಲಿ ಆಗುವ ರಕ್ತದ ಬದಲಾವಣೆ ಎಚ್ಚರದಲ್ಲಿ ಕಾಣುವುದಕ್ಕಿಂತ ದೊಡ್ಡದೆಂದೂ ಪೆನ್ಸಿಲ್ವೇನಿಯಾದ ಪ್ಯಾಟ್ರಿಕ್ ಡ್ರ್ಯೂ ಅವರ ಪ್ರಯೋಗಾಲಯ ತೋರಿಸಿದೆ. ತೂಕಡಿಕೆ ತರುವ ಔಷಧವೊಂದನ್ನು ಪರೀಕ್ಷಿಸುವಾಗ ಕಂಡ ಹರಿವು ಔಷಧದ್ದೋ ನಿದ್ದೆಯದ್ದೋ ಎಂದು ತೀರ್ಮಾನಿಸಬೇಕಾದರೆ, ಕಣ್ಣಿನ ಪಾಪೆ, ಮೀಸೆಯ ಚಲನೆ, ಸ್ನಾಯುಗಳ ಬಿಗಿತಗಳನ್ನು ರಕ್ತಹರಿವಿನ ಜೊತೆಯಲ್ಲೇ ಕ್ಷಣಕ್ಷಣಕ್ಕೂ ದಾಖಲಿಸಬೇಕಾಗುತ್ತದೆ.