ನವಜಾತ ಶಿಶು ತೀವ್ರ ನಿಗಾ ವೈದ್ಯರ ಫೆಲೊಶಿಪ್ ತರಬೇತಿ: ಬೀದರ್ ಜಿಲ್ಲೆಯ ನೆಲೆಯಿಂದ ಒಂದು ಮರುಪರಿಶೀಲನೆ

ಸಾರಾಂಶ

ಎಂ.ಡಿ. ಮುಗಿಸಿದ ಮಕ್ಕಳ ವೈದ್ಯರಿಗೆ ನವಜಾತ ಶಿಶು ತೀವ್ರ ನಿಗಾ ವಿಷಯದಲ್ಲಿ ದೊರೆಯುವ ಫೆಲೊಶಿಪ್ ತರಬೇತಿ ಬಹುಮಟ್ಟಿಗೆ ಮಹಾನಗರಗಳ ಆಸ್ಪತ್ರೆಗಳಲ್ಲೇ ನಡೆಯುತ್ತದೆ. ಬೀದರ್ ನಗರ, ಭಾಲ್ಕಿ, ಔರಾದ್ ಮತ್ತು ಬಗದಲ್ ಪರಿಸರವನ್ನು ಮುಂದಿಟ್ಟುಕೊಂಡು ಈ ಲೇಖನ ಆ ತರಬೇತಿಯ ವ್ಯಾಪ್ತಿಯನ್ನು ಪರಿಶೀಲಿಸುತ್ತದೆ. ಕೂಸು ಹುಟ್ಟಿದ ಜಾಗದಿಂದ ಜಿಲ್ಲಾ ಘಟಕದವರೆಗೆ ಮತ್ತು ಅಲ್ಲಿಂದ ಮರಳಿ ಮನೆಯವರೆಗೆ ಸಾಗುವ ಇಡೀ ದಾರಿ ಫೆಲೊಶಿಪ್‌ನ ಪಠ್ಯವಾಗಬೇಕು, ಅದಕ್ಕಾಗಿ ತರಬೇತಿಯ ಒಂದು ಭಾಗ ಜಿಲ್ಲೆಯಲ್ಲೇ ನಡೆಯಬೇಕು ಎಂಬುದು ಇಲ್ಲಿನ ವಾದ.

1. ಪೀಠಿಕೆ

ಮಾದರಿ ನೋಂದಣಿ ವ್ಯವಸ್ಥೆಯ 2020ರ ವರದಿಯಂತೆ ಭಾರತದಲ್ಲಿ ಜೀವಂತವಾಗಿ ಹುಟ್ಟುವ ಪ್ರತಿ 1,000 ಶಿಶುಗಳಲ್ಲಿ 20 ಶಿಶುಗಳು ಮೊದಲ 28 ದಿನಗಳೊಳಗೆ ಸಾಯುತ್ತಿದ್ದವು. 2030ರ ಹೊತ್ತಿಗೆ ಈ ಪ್ರಮಾಣವನ್ನು ಒಂದಂಕಿಗೆ ಇಳಿಸುವ ಗುರಿಯನ್ನು 2014ರ ಭಾರತ ನವಜಾತ ಶಿಶು ಕ್ರಿಯಾ ಯೋಜನೆ ಹಾಕಿಕೊಂಡಿತು. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರುಗಟ್ಟುವುದು ಮತ್ತು ಸೋಂಕು ಈ ಸಾವುಗಳ ಮುಖ್ಯ ಕಾರಣಗಳು. ಮೂರಕ್ಕೂ ಚಿಕಿತ್ಸೆ ಗೊತ್ತಿದೆ. ಗೊತ್ತಿರುವುದನ್ನು ಸಕಾಲದಲ್ಲಿ, ಸರಿಯಾದ ಕೈಗಳಿಂದ ಕೂಸಿಗೆ ತಲುಪಿಸುವುದೇ ಕಷ್ಟದ ಕೆಲಸ.

ಬೀದರ್ ಕರ್ನಾಟಕದ ಉತ್ತರದ ತುದಿಯ ಜಿಲ್ಲೆ. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಭಾಲ್ಕಿ ಮತ್ತು ಔರಾದ್‌ಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. 2007ರಲ್ಲಿ ಆರಂಭವಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಮಾತಿನಲ್ಲಿ ಬ್ರಿಮ್ಸ್, ಈ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜು. ಫೆಲೊಶಿಪ್‌ನ ಪ್ರಶ್ನೆಯನ್ನು ಇಂಥ ಜಿಲ್ಲೆಯಲ್ಲಿ ನಿಂತು ಕೇಳಿದಾಗ ಮಹಾನಗರದಿಂದ ಕಾಣದ ಕೆಲವು ಅಂಶಗಳು ಕಾಣುತ್ತವೆ.

2. ತರಬೇತಿಯ ಈಗಿನ ಹಾದಿಗಳು

ಅಮೆರಿಕದಲ್ಲಿ ನವಜಾತ ಶಿಶು ವೈದ್ಯಕೀಯದ ಮೊದಲ ಮಂಡಳಿ ಪರೀಕ್ಷೆ 1975ರಲ್ಲಿ ನಡೆಯಿತು. ಭಾರತದಲ್ಲಿ ರಾಷ್ಟ್ರೀಯ ನವಜಾತ ಶಿಶು ವೇದಿಕೆ 1980ರಲ್ಲಿ ಸ್ಥಾಪನೆಯಾಯಿತು. ಇಂದು ನಮ್ಮಲ್ಲಿ ಮೂರು ಹಾದಿಗಳಿವೆ. ಮೊದಲನೆಯದು ಮೂರು ವರ್ಷದ ಡಿ.ಎಂ. ಅಥವಾ ಡಿಆರ್‌ಎನ್‌ಬಿ. ಎರಡನೆಯದು ವೃತ್ತಿ ಸಂಘಗಳು ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಮಾನ್ಯತೆ ಪಡೆದ ಕೇಂದ್ರಗಳಲ್ಲಿ ನಡೆಸುವ, ಅದಕ್ಕಿಂತ ಕಡಿಮೆ ಅವಧಿಯ ಫೆಲೊಶಿಪ್. ಮೂರನೆಯದು ಸರ್ಕಾರಿ ಘಟಕಗಳ ವೈದ್ಯರಿಗೂ ಶುಶ್ರೂಷಕಿಯರಿಗೂ ರೂಪಿಸಿದ ಅಲ್ಪಾವಧಿ ತರಬೇತಿ: ನಾಲ್ಕು ದಿನ ಪಾಠ, ಎರಡು ವಾರ ದೊಡ್ಡ ಘಟಕವೊಂದರಲ್ಲಿ ವೀಕ್ಷಣೆ.

ಡಿ.ಎಂ. ಮುಗಿಸಿದವರ ಸಂಖ್ಯೆ ಕಡಿಮೆ. ಅವರಿಗೆ ದೊಡ್ಡ ಊರುಗಳಲ್ಲಿ ಬೇಡಿಕೆ ಹೆಚ್ಚು. ಎರಡೂವರೆ ವಾರದ ತರಬೇತಿ ಘಟಕವನ್ನು ನಡೆಸಲು ನೆರವಾಗುತ್ತದೆ, ಆದರೆ ಅಷ್ಟರಲ್ಲಿ ಒಂದು ಕಿಲೋ ತೂಕದ ಕೂಸಿನ ಚಿಕಿತ್ಸೆಯನ್ನು ಸ್ವತಂತ್ರವಾಗಿ ನಿರ್ಧರಿಸುವ ಆತ್ಮವಿಶ್ವಾಸ ಬರುವುದಿಲ್ಲ. ಜಿಲ್ಲಾ ಆಸ್ಪತ್ರೆಗೆ ಬೇಕಾದ ವೈದ್ಯರನ್ನು ತಯಾರು ಮಾಡುವ ಹೊಣೆ ಹೀಗೆ ಸಹಜವಾಗಿಯೇ ಫೆಲೊಶಿಪ್‌ನ ಮೇಲೆ ಬೀಳುತ್ತದೆ.

3. ಕೂಸು ಸಾಗುವ ದಾರಿ

ಸರ್ಕಾರಿ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಹೆರಿಗೆ ಆಗುವ ಪ್ರತಿ ಕಡೆ ನವಜಾತ ಶಿಶು ಆರೈಕೆ ಮೂಲೆ, ಮೊದಲ ರೆಫರಲ್ ಆಸ್ಪತ್ರೆಗಳಲ್ಲಿ ಸ್ಥಿರೀಕರಣ ಘಟಕ, ಜಿಲ್ಲಾ ಮಟ್ಟದಲ್ಲಿ ಎಸ್‌ಎನ್‌ಸಿಯು ಎಂದು ಕರೆಯುವ ವಿಶೇಷ ಆರೈಕೆ ಘಟಕ. ಈ ಜಿಲ್ಲಾ ಘಟಕದ ಮಾದರಿ ಮೊದಲು ರೂಪುಗೊಂಡದ್ದು 2003ರಲ್ಲಿ, ಪಶ್ಚಿಮ ಬಂಗಾಳದ ಹಿಂದುಳಿದ ಜಿಲ್ಲೆಯಾದ ಪುರುಲಿಯಾದಲ್ಲಿ ಎಂಬುದನ್ನು ನೆನಪಿಡಬೇಕು.

ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಡಿಸೆಂಬರ್ ರಾತ್ರಿ 32 ವಾರಕ್ಕೇ ಹೆರಿಗೆಯಾಗಿ ಒಂದೂವರೆ ಕಿಲೋ ತೂಕದ ಕೂಸು ಹುಟ್ಟಿತೆನ್ನಿ. ಬೀದರ್ ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ಕಡೆಗಳಲ್ಲಿ ಒಂದು. ಕೂಸಿನ ಮೈ ಒರೆಸುವುದು ತಡವಾದರೆ, ತಲೆಗೆ ಟೋಪಿ ಇಲ್ಲದಿದ್ದರೆ ಮೈಶಾಖ 36.5 ಡಿಗ್ರಿಗಿಂತ ಬೇಗನೆ ಕೆಳಗಿಳಿಯುತ್ತದೆ. ತಣ್ಣಗಾದ ಕೂಸು ಮೈ ಬೆಚ್ಚಗಿಡಲು ತನ್ನಲ್ಲಿರುವ ಅಲ್ಪ ಸಕ್ಕರೆಯನ್ನೂ ಆಮ್ಲಜನಕವನ್ನೂ ಖರ್ಚು ಮಾಡುತ್ತದೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು, ಉಸಿರಾಟ ಇನ್ನಷ್ಟು ಕೆಡಬಹುದು. ಆಂಬುಲೆನ್ಸ್ ಬೀದರ್ ಮುಟ್ಟುವ ಹೊತ್ತಿಗೆ ಘಟಕದ ವೈದ್ಯರ ಮುಂದೆ ಒಂದರ ಬದಲು ಮೂರು ತೊಂದರೆಗಳಿರುತ್ತವೆ. ದಾರಿಯುದ್ದಕ್ಕೂ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ಬಂದಿದ್ದರೆ ಒಂದೇ ತೊಂದರೆ ಉಳಿಯುತ್ತಿತ್ತು.

ಘಟಕದೊಳಗೂ ಉಪಕರಣಕ್ಕಿಂತ ಕಣ್ಣು ಮುಖ್ಯ. ಉಸಿರಾಟಕ್ಕೆ ಒತ್ತಡದ ಆಸರೆ ಕೊಡುವ ಬಬಲ್ ಸಿಪ್ಯಾಪ್‌ನಲ್ಲಿ ಉಸಿರು ಹೊರಹೋಗುವ ನಳಿಕೆಯ ತುದಿಯನ್ನು ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿಸಿದರೆ ಶ್ವಾಸಕೋಶಕ್ಕೆ ಅಷ್ಟೇ ನೀರಿನ ಒತ್ತಡ ಸಿಗುತ್ತದೆ. ಗುಳ್ಳೆ ನಿಂತರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ: ಮೂಗಿನ ಕೊಳವೆ ಸಡಿಲಾಗಿರಬಹುದು, ಕೂಸು ಬಾಯಿ ತೆರೆದಿರಬಹುದು, ಜೋಡಣೆ ಕಳಚಿರಬಹುದು. ಕೊಳವೆಯನ್ನು ಬಿಗಿಯಾಗಿ ಒತ್ತಿದರೆ ಮೂಗಿನ ನಡುಗೋಡೆಗೆ ಹುಣ್ಣಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಜೀವಕ್ಕೆ ಅಪಾಯ, ಹೆಚ್ಚಾದರೆ ಕಣ್ಣಿಗೆ. ಸರಿಯಾದ ನಡುದಾರಿ ಕೈಗೆ ಹತ್ತಬೇಕಾದರೆ ತಿಂಗಳುಗಟ್ಟಲೆ ರಾತ್ರಿ ಪಾಳಿ ಮಾಡಿರಬೇಕು. ಫೆಲೊಶಿಪ್‌ಗೆ ಬದಲಿ ಇಲ್ಲದಿರುವುದು ಇದೇ ಕಾರಣಕ್ಕೆ.

4. ಸಾಕ್ಷ್ಯಗಳು ಹೇಳುವುದೇನು

ಮಹಾನಗರದ ಅಥವಾ ಹೊರದೇಶದ ಪದ್ಧತಿಯನ್ನು ಹಾಗೆಯೇ ತಂದುಕೊಳ್ಳುವುದು ಅಪಾಯಕಾರಿಯಾಗಬಹುದು ಎಂಬುದಕ್ಕೆ 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಪ್ರಯೋಗ ಬಲವಾದ ನಿದರ್ಶನ. ಹುಟ್ಟುವಾಗ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಕೂಸುಗಳ ಮೈಯನ್ನು 72 ತಾಸು ತಂಪಾಗಿಡುವುದು ಶ್ರೀಮಂತ ದೇಶಗಳಲ್ಲಿ ಒಪ್ಪಿತ ಚಿಕಿತ್ಸೆ. ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ಅದನ್ನು ಪರೀಕ್ಷಿಸಿದಾಗ ತಂಪಾಗಿಸಿದ ಗುಂಪಿನಲ್ಲಿ ಶೇಕಡಾ 42ರಷ್ಟು, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇಕಡಾ 31ರಷ್ಟು ಶಿಶುಗಳು ಸತ್ತವು. ಅದೇ ವರ್ಷ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನದಲ್ಲಿ 1 ಕಿಲೋದಿಂದ 1.8 ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ, ಅಂದರೆ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಡುವ ಆರೈಕೆ, ಆರಂಭಿಸಿದ್ದರಿಂದ ಸಾವಿನ ಪ್ರಮಾಣ ಶೇಕಡಾ 15.7ರಿಂದ 12ಕ್ಕೆ ಇಳಿಯಿತು. ದುಬಾರಿ ಯಂತ್ರ ಸೋತ ಕಡೆ ತಾಯಿಯ ಎದೆ ಗೆದ್ದಿತು ಎಂದು ಇದನ್ನು ಸರಳಗೊಳಿಸಬಾರದು. ಎರಡು ಅಧ್ಯಯನಗಳ ಶಿಶುಗಳೂ ರೋಗಗಳೂ ಬೇರೆ. ಎದುರಿಗಿರುವ ಕೂಸಿಗೆ ಯಾವ ಸಾಕ್ಷ್ಯ ಅನ್ವಯಿಸುತ್ತದೆ ಎಂದು ತೂಗಿ ನೋಡುವ ವಿವೇಕವನ್ನು ಫೆಲೊಗೆ ಕಲಿಸಬೇಕು ಎಂಬುದೇ ಇದರ ಪಾಠ.

ಕಲ್ಯಾಣ ಕರ್ನಾಟಕದ್ದೇ ಆದ ಅನುಭವವೂ ನಮ್ಮಲ್ಲಿದೆ. ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಸರ್ಕಾರಿ ವ್ಯವಸ್ಥೆಯೊಳಗೇ ವಿಸ್ತರಿಸುವ ಅನುಷ್ಠಾನ ಸಂಶೋಧನೆ ನಡೆದು, ಆಸ್ಪತ್ರೆಯಿಂದ ಮನೆಯವರೆಗೆ ಆರೈಕೆ ಮುಂದುವರಿಯಬಲ್ಲದು ಎಂದು ತೋರಿಸಿತು. ನಾರಾಯಣ ನೇತ್ರಾಲಯದ ಕಿಡ್‌ರಾಪ್ ಯೋಜನೆ 2008ರಿಂದ ತರಬೇತಾದ ತಂತ್ರಜ್ಞರನ್ನು ಕ್ಯಾಮೆರಾ ಸಮೇತ ಜಿಲ್ಲೆಗಳ ಶಿಶು ಘಟಕಗಳಿಗೆ ಕಳಿಸಿ, ದಿನ ತುಂಬದ ಕೂಸುಗಳ ಅಕ್ಷಿಪಟಲದ ಚಿತ್ರಗಳನ್ನು ಬೆಂಗಳೂರಿನ ತಜ್ಞರಿಗೆ ತಲುಪಿಸುತ್ತ ಬಂದಿದೆ. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ಸಂಗಡಿಗರು ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ನವಜಾತ ಶಿಶು ಮರಣವನ್ನು ಶೇಕಡಾ 62ರಷ್ಟು ತಗ್ಗಿಸಿದ್ದು 1999ರಲ್ಲೇ ಪ್ರಕಟವಾಗಿತ್ತು. ಮೂರೂ ಕಡೆ ಪರಿಣತಿ ಕೂಸು ಇದ್ದಲ್ಲಿಗೇ ಹೋಯಿತು.

5. ಜಿಲ್ಲೆಯಲ್ಲಿ ಬೇರೂರಿದ ಫೆಲೊಶಿಪ್: ಒಂದು ಪ್ರಸ್ತಾವ

ಹನ್ನೆರಡು ತಿಂಗಳ ಫೆಲೊಶಿಪ್‌ನಲ್ಲಿ ಎಂಟು ತಿಂಗಳು ದೊಡ್ಡ ಘಟಕದಲ್ಲಿ, ನಾಲ್ಕು ತಿಂಗಳು ಜಿಲ್ಲೆಯಲ್ಲಿ ಎಂಬ ಹಂಚಿಕೆಯನ್ನು ಇಲ್ಲಿ ಸೂಚಿಸುತ್ತೇನೆ. ವೆಂಟಿಲೇಟರ್, ಸರ್ಫ್ಯಾಕ್ಟೆಂಟ್, ಶಸ್ತ್ರಚಿಕಿತ್ಸೆ ಬೇಕಾದ ಶಿಶುಗಳ ಆರೈಕೆ ಇವೆಲ್ಲ ಹೆಚ್ಚು ರೋಗಿಗಳಿರುವ ಕಡೆಯೇ ಕಲಿಯಬೇಕಾದವು. ಅದರಲ್ಲಿ ರಾಜಿ ಸಲ್ಲದು. ಉಳಿದ ನಾಲ್ಕು ತಿಂಗಳು ಬ್ರಿಮ್ಸ್ ಕೇಂದ್ರವಾಗಿರಲಿ. ಆ ಅವಧಿಯಲ್ಲಿ ಫೆಲೊ ಭಾಲ್ಕಿ ಮತ್ತು ಔರಾದ್ ತಾಲ್ಲೂಕು ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಶುಶ್ರೂಷಕಿಯರ ಜೊತೆ ಪುನಶ್ಚೇತನದ ಅಭ್ಯಾಸ ನಡೆಸಬೇಕು, ರೆಫರ್ ಆಗಿ ಬಂದ ಪ್ರತಿ ಕೂಸಿನ ಮೈಶಾಖ, ಸಕ್ಕರೆ, ಆಮ್ಲಜನಕದ ಮಟ್ಟ ದಾಖಲಿಸಿ ಕಳಿಸಿದ ಆಸ್ಪತ್ರೆಗೆ ತಿಳಿಸಬೇಕು. ಸಿಸೇರಿಯನ್ ಆದ ಬಾಣಂತಿ ಭಾಲ್ಕಿಯಲ್ಲೇ ಉಳಿದು ಕೂಸು ಮಾತ್ರ ಬೀದರ್‌ಗೆ ಬಂದರೆ ಎದೆಹಾಲೂ ಕಾಂಗರೂ ಆರೈಕೆಯೂ ತಪ್ಪುತ್ತವೆ. ಇಬ್ಬರನ್ನೂ ಒಟ್ಟಿಗೆ ಸಾಗಿಸುವ ಏರ್ಪಾಡು ಮಾಡುವುದೂ ಫೆಲೊ ಕಲಿಯಬೇಕಾದ ಕೌಶಲವೇ.

ಮನೆಗೆ ಮರಳಿದ ಮೇಲಿನ ಆರೈಕೆಗೆ ಬಗದಲ್‌ನಂಥ ಊರು ಪಾಠಶಾಲೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗುತ್ತಾಳೆ. 2 ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕಿಂತ ಮೊದಲು ಹುಟ್ಟಿದ ಕೂಸಿನ ಕಣ್ಣನ್ನು 30 ದಿನದೊಳಗೆ ಪರೀಕ್ಷಿಸಬೇಕು. ಆ ತಾರೀಖು ಆಶಾಳಿಗೆ ಗೊತ್ತಿಲ್ಲದಿದ್ದರೆ, ಬದುಕಿಸಿದ ಕೂಸು ಕಣ್ಣು ಕಳೆದುಕೊಳ್ಳಬಹುದು. ಗಡಿಭಾಗವಾದ್ದರಿಂದ ಚಿಕಿತ್ಸೆ ಹೈದರಾಬಾದ್ ಅಥವಾ ಲಾತೂರಿನಲ್ಲಿ, ಬಾಣಂತನ ಇಲ್ಲಿ ಎಂಬುದೂ ಉಂಟು. ಹೆತ್ತವರ ಜೊತೆ ಕನ್ನಡ, ಉರ್ದು, ಮರಾಠಿ, ತೆಲುಗಿನಲ್ಲಿ ಅಪಾಯದ ಲಕ್ಷಣಗಳನ್ನು ವಿವರಿಸಲು ಬರುವುದನ್ನೂ ಪರೀಕ್ಷೆಯ ಭಾಗವಾಗಿಸಬೇಕು.

ಜಿಲ್ಲೆಯಲ್ಲಿ ಕಲಿಸುವವರು ಯಾರು ಎಂಬ ಆಕ್ಷೇಪಕ್ಕೆ ಅರ್ಥವಿದೆ. ಮಾರ್ಗದರ್ಶಕರಿಲ್ಲದೆ ಫೆಲೊವನ್ನು ಕಳಿಸಿದರೆ ಅದು ತರಬೇತಿ ಆಗದು, ಬರೀ ದುಡಿಮೆ ಆದೀತು. ಆದ್ದರಿಂದ ದೊಡ್ಡ ಕೇಂದ್ರದ ಅಧ್ಯಾಪಕರು ವಿಡಿಯೊ ಮೂಲಕ ನಿತ್ಯದ ರೌಂಡ್ಸ್‌ನಲ್ಲಿ ಪಾಲ್ಗೊಂಡು, ನಿಗದಿತ ಅಂತರದಲ್ಲಿ ಖುದ್ದಾಗಿ ಬರುವುದು ಮಾನ್ಯತೆಯ ಷರತ್ತಾಗಬೇಕು. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಸಿಕ್ಕಿ ಇಲ್ಲಿನ ಮಕ್ಕಳು ವೈದ್ಯರಾಗುತ್ತಿದ್ದಾರೆ. ತಮ್ಮ ಜಿಲ್ಲೆಯಲ್ಲೇ ಪರಿಣತಿ ಗಳಿಸುವ ದಾರಿ ತೆರೆದರೆ ಅವರಲ್ಲಿ ಕೆಲವರಾದರೂ ಇಲ್ಲೇ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ.

6. ಉಪಸಂಹಾರ

ಫೆಲೊಶಿಪ್‌ನ ಯಶಸ್ಸನ್ನು ಎಷ್ಟು ಜನ ಪ್ರಮಾಣಪತ್ರ ಪಡೆದರು ಎಂಬುದರಿಂದ ಅಳೆಯುವುದು ಸಾಲದು. ಔರಾದ್‌ನಿಂದ ಬಂದ ಕೂಸುಗಳಲ್ಲಿ ಎಷ್ಟು ಬೆಚ್ಚಗೆ ಬಂದವು, ಎಷ್ಟು ಕೂಸುಗಳ ಜೊತೆ ತಾಯಿಯೂ ಬಂದಳು, ಎಷ್ಟು ಕೂಸುಗಳ ಕಣ್ಣಿನ ಪರೀಕ್ಷೆ ಸಕಾಲಕ್ಕೆ ನಡೆಯಿತು ಎಂಬ ಮೂರು ಲೆಕ್ಕಗಳನ್ನು ಪ್ರತಿ ಫೆಲೊ ತನ್ನ ಲಾಗ್‌ಬುಕ್‌ನಲ್ಲಿ ಬರೆಯಬೇಕು, ಪರೀಕ್ಷಕರು ಅದನ್ನು ನೋಡಿಯೇ ತೇರ್ಗಡೆ ಮಾಡಬೇಕು. ಇದಕ್ಕೆ ಹೊಸ ಕಟ್ಟಡವೂ ಹೊಸ ಯಂತ್ರವೂ ಬೇಕಿಲ್ಲ. ಪಠ್ಯಕ್ರಮ ರೂಪಿಸುವವರು ಜಿಲ್ಲೆಯನ್ನು ಕಲಿಕೆಯ ಸ್ಥಳವೆಂದು ಒಪ್ಪಿಕೊಂಡರೆ ಮುಂದಿನ ತಂಡದಿಂದಲೇ ಆರಂಭಿಸಬಹುದು.